ಸಹಿ ಇರುವ ಮೊದಲ ಮುದ್ರಣ: ವಿಜ್ಞಾನ ಪುಸ್ತಕಗಳನ್ನು ನಾನು ಕೂಡಿಸಿದ ಬಗೆ

ಲೇಖಕರ ಸಹಿ ಇರುವ ವಿಜ್ಞಾನ ಪುಸ್ತಕವೊಂದು ಮಾರಾಟಕ್ಕಿದೆ ಎಂದು ಗೊತ್ತಾದರೆ ನಾನು ಮೊದಲು ಎರಡು ತಾರೀಖು ಹುಡುಕುತ್ತೇನೆ. ಆ ಪ್ರತಿ ಅಚ್ಚಾದದ್ದು ಯಾವಾಗ? ಲೇಖಕರು ತೀರಿಕೊಂಡದ್ದು ಯಾವಾಗ? ಇವೆರಡನ್ನು ಪಕ್ಕಪಕ್ಕ ಇಟ್ಟರೆ ಎಷ್ಟೋ ಸಲ ಸಹಿಯ ಕಡೆ ನೋಡುವ ಅಗತ್ಯವೇ ಬೀಳುವುದಿಲ್ಲ.

ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರನ್ನೇ ತೆಗೆದುಕೊಳ್ಳಿ. ಅವರು ತೀರಿಕೊಂಡದ್ದು 1988ರ ಫೆಬ್ರವರಿ 15ರಂದು. ಅವರ ನೆನಪುಗಳ ಎರಡನೇ ಪುಸ್ತಕ ‘ವಾಟ್ ಡು ಯು ಕೇರ್ ವಾಟ್ ಅದರ್ ಪೀಪಲ್ ಥಿಂಕ್?’ ಬಂದದ್ದೂ ಅದೇ ವರ್ಷ, ಆದರೆ ಅವರು ಹೋದ ಮೇಲೆ. ಅದರ ಮೇಲೆ ಅವರು ಸಹಿ ಹಾಕಿರಲು ಸಾಧ್ಯವೇ ಇಲ್ಲ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ತೀರಿಕೊಂಡದ್ದು 1996ರ ಡಿಸೆಂಬರ್ 20ರಂದು. ‘ಬಿಲಿಯನ್ಸ್ ಅಂಡ್ ಬಿಲಿಯನ್ಸ್’ ಬಂದದ್ದು 1997ರಲ್ಲಿ. ಕಡಲ ಜೀವವಿಜ್ಞಾನಿ ರೇಚಲ್ ಕಾರ್ಸನ್ 1964ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ‘ದ ಸೆನ್ಸ್ ಆಫ್ ವಂಡರ್’ ಪುಸ್ತಕವಾಗಿ ಬಂದದ್ದು 1965ರಲ್ಲಿ. ಸ್ಟೀಫನ್ ಹಾಕಿಂಗ್ 2018ರ ಮಾರ್ಚ್ 14ರಂದು ಹೋದರು. ‘ಬ್ರೀಫ್ ಆನ್ಸರ್ಸ್ ಟು ದ ಬಿಗ್ ಕ್ವೆಶ್ಚನ್ಸ್’ ಆ ವರ್ಷದ ಅಕ್ಟೋಬರ್‌ನಲ್ಲಿ ಹೊರಬಂತು. ಈ ನಾಲ್ಕರಲ್ಲಿ ಯಾವುದರ ಮೇಲಾದರೂ ‘ಲೇಖಕರ ಸಹಿ ಇದೆ’ ಎಂದು ಯಾರಾದರೂ ಹೇಳಿದರೆ ನನ್ನ ಮಟ್ಟಿಗೆ ಮಾತು ಅಲ್ಲಿಗೇ ಮುಗಿಯಿತು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಹಳೇ ಪತ್ರದಿಂದಲೋ ಕಾರ್ಡಿನಿಂದಲೋ ಸಹಿಯನ್ನು ಕತ್ತರಿಸಿ ಪುಸ್ತಕದೊಳಗೆ ಅಂಟಿಸುವವರಿದ್ದಾರೆ. ಆಗ ಸಹಿ ನಿಜವೇ ಇರಬಹುದು, ಆದರೆ ಲೇಖಕರು ಆ ಪುಸ್ತಕವನ್ನು ಕೈಯಲ್ಲಿ ಹಿಡಿದಿಲ್ಲ. ನಾನು ಅಂಥದ್ದನ್ನು ಸಹಿ ಇರುವ ಪುಸ್ತಕ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು, ‘ಬಿಲಿಯನ್ಸ್ ಅಂಡ್ ಬಿಲಿಯನ್ಸ್’ಗೆ ಕೊನೆಯ ಮಾತು ಬರೆದವರು ಸೇಗನ್ ಅವರ ಹೆಂಡತಿ ಆನ್ ಡ್ರೂಯನ್. ಅದರ ಮೇಲೆ ಅವರ ಸಹಿ ಇದ್ದರೆ ಅದು ನಂಬುವಂಥದ್ದೇ, ನನ್ನ ಕಣ್ಣಿಗೆ ಬೆಲೆಯುಳ್ಳದ್ದೂ ಹೌದು.

ಹಾಕಿಂಗ್ ವಿಷಯದಲ್ಲಿ ತಾರೀಖಿನ ಲೆಕ್ಕ ಇನ್ನೂ ಗಟ್ಟಿ. ಅವರಿಗೆ ನರಗಳ ಕಾಯಿಲೆ ಇದೆ ಎಂದು ಗೊತ್ತಾದದ್ದು 1963ರಲ್ಲಿ. ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಬಂದದ್ದು 1988ರಲ್ಲಿ. ಅಷ್ಟರಲ್ಲಿ ಅವರ ಕೈ ಪೆನ್ನು ಹಿಡಿಯುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ಈ ಪುಸ್ತಕದಲ್ಲಿ ಪೆನ್ನಿನಿಂದ ಬರೆದ ‘ಎಸ್. ಡಬ್ಲ್ಯು. ಹಾಕಿಂಗ್’ ಕಂಡರೆ ಅದು ಅವರ ಕೈಯದ್ದಲ್ಲ. ಸಹಿಯ ಬದಲು ಹೆಬ್ಬೆಟ್ಟು ಒತ್ತಿದ ಪ್ರತಿಗಳಿವೆ. ಅಂಥ ಒಂದು ಪ್ರತಿ 2018ರ ನವೆಂಬರ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 68,750 ಪೌಂಡಿಗೆ ಹೋಯಿತು. ನನಗೆ ಅದನ್ನು ಕೊಳ್ಳುವ ಶಕ್ತಿ ಇಲ್ಲ. ಆದರೆ ಆ ಹರಾಜಿನ ವಿವರ ಓದಿದ ಮೇಲೆ ಈ ಪುಸ್ತಕದ ಬಗ್ಗೆ ನನ್ನ ಹುಡುಕಾಟದ ದಾರಿಯೇ ಬೇರೆಯಾಯಿತು.

ಅದು ಹೇಗೆ ಅಂದರೆ, ಈ ಪುಸ್ತಕದ 1988ರ ಪ್ರತಿಗಳಿಗೆ ಮುನ್ನುಡಿ ಬರೆದವರು ಕಾರ್ಲ್ ಸೇಗನ್. ಮುಂದೆ ಬಂದ ಪರಿಷ್ಕೃತ ಆವೃತ್ತಿಗಳಲ್ಲಿ ಆ ಮುನ್ನುಡಿ ಇಲ್ಲ, ಹಾಕಿಂಗ್ ಅವರೇ ಬರೆದದ್ದು ಬಂತು. ಸೇಗನ್ ಆ ಮುನ್ನುಡಿಯಲ್ಲಿ 1974ರ ಒಂದು ಪ್ರಸಂಗ ಹೇಳುತ್ತಾರೆ. ಅವರು ಲಂಡನ್ನಿನಲ್ಲಿ ಒಂದು ಸಭೆಗೆ ಹೋಗಿದ್ದರು. ಬಿಡುವಿನಲ್ಲಿ ಪಕ್ಕದ ಸಭಾಂಗಣಕ್ಕೆ ಹೋದರೆ ಅಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಹೊಸ ಸದಸ್ಯರನ್ನು ಸೇರಿಸಿಕೊಳ್ಳುತ್ತಿದ್ದರು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕೂತ ಯುವಕನೊಬ್ಬ ಬಹಳ ನಿಧಾನವಾಗಿ ಒಂದು ಪುಸ್ತಕದಲ್ಲಿ ತನ್ನ ಹೆಸರು ಬರೆಯುತ್ತಿದ್ದ. ಅದೇ ಪುಸ್ತಕದ ಮೊದಮೊದಲ ಪುಟಗಳಲ್ಲಿ ಐಸಾಕ್ ನ್ಯೂಟನ್ ಸಹಿ ಇದೆ. ಆ ಯುವಕ ಹಾಕಿಂಗ್. ಹಾಕಿಂಗ್ ಸಹಿ ಹಾಕುವುದನ್ನು ಕಂಡವರ ಮಾತು ಅಚ್ಚಾಗಿರುವುದು ಇಲ್ಲಿ, ಈ ಮೊದಲ ಪ್ರತಿಗಳಲ್ಲಿ. ಹಾಗಾಗಿ ಪೆನ್ನಿನ ಸಹಿಗಾಗಿ ಅಲೆಯುವುದು ಬಿಟ್ಟು ಮೊದಲ ಮುದ್ರಣದ ಒಂದು ಒಳ್ಳೆ ಪ್ರತಿ ತೆಗೆದುಕೊಂಡೆ. ನನ್ನ ಕಪಾಟಿನಲ್ಲಿ ಸಹಿ ಇಲ್ಲದೆಯೂ ಜಾಗ ಪಡೆದ ಪುಸ್ತಕ ಅದು.

ಈ ಪುಸ್ತಕದ ಹುಟ್ಟಿನದ್ದೂ ಒಂದು ಕಥೆ ಇದೆ. ಅಮೆರಿಕದ ಮೊದಲ ಮುದ್ರಣದಲ್ಲಿ ಚಿತ್ರಗಳು ತಪ್ಪು ಜಾಗದಲ್ಲಿದ್ದವು, ಕೆಲವಕ್ಕೆ ತಪ್ಪು ಶೀರ್ಷಿಕೆಗಳಿದ್ದವು. ‘ನೇಚರ್’ ಪತ್ರಿಕೆಗೆ ವಿಮರ್ಶೆ ಬರೆಯಲು ಮುಂಗಡ ಪ್ರತಿ ಪಡೆದ ವಿಜ್ಞಾನಿಯೊಬ್ಬರು ಅದನ್ನು ನೋಡಿ ಪ್ರಕಾಶಕರಿಗೆ ತಿಳಿಸಿದರು. ಪ್ರಕಾಶಕರು ಅಂದೇ ಆ ಇಡೀ ಮುದ್ರಣವನ್ನು ವಾಪಸ್ ಪಡೆದು ನಾಶಮಾಡಲು ತೀರ್ಮಾನಿಸಿ, ತಿದ್ದಿ ಮತ್ತೆ ಅಚ್ಚುಹಾಕಿದರು ಎಂದು ಹಾಕಿಂಗ್ ಅವರೇ ಬರೆದಿದ್ದಾರೆ.

ಇಂಥ ಕಥೆಗಳೇ ನನ್ನನ್ನು ಈ ಹವ್ಯಾಸಕ್ಕೆ ಎಳೆದದ್ದು. ಕಾದಂಬರಿಯ ಮೊದಲ ಮುದ್ರಣಕ್ಕೂ ವಿಜ್ಞಾನ ಪುಸ್ತಕದ ಮೊದಲ ಮುದ್ರಣಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಾದಂಬರಿ ಆಮೇಲೆ ಹೆಚ್ಚು ಬದಲಾಗುವುದಿಲ್ಲ. ವಿಜ್ಞಾನ ಪುಸ್ತಕ ಬದಲಾಗುತ್ತದೆ. ಲೇಖಕರು ತಿದ್ದುತ್ತಾರೆ, ಸೇರಿಸುತ್ತಾರೆ, ಟೀಕೆಗೆ ಉತ್ತರ ಕೊಡುತ್ತಾರೆ. ಮೊದಲ ಮುದ್ರಣದಲ್ಲಿ ಇರುವುದು ಅಂದಿನ ತಿಳಿವಳಿಕೆ, ಅಂದಿನ ಧೈರ್ಯ. ಡಾರ್ವಿನ್ ಅವರ ‘ಆರಿಜಿನ್ ಆಫ್ ಸ್ಪೀಷೀಸ್’ ಇದಕ್ಕೆ ದೊಡ್ಡ ಸಾಕ್ಷಿ. 1859ರ ನವೆಂಬರ್ 24ರಂದು ಬಂದ ಮೊದಲ ಆವೃತ್ತಿಯ ಪ್ರತಿಗಳು 1,250. ಅದರ ಕೊನೆಯ ವಾಕ್ಯದಲ್ಲಿ ಸೃಷ್ಟಿಕರ್ತನ ಹೆಸರಿಲ್ಲ. 1860ರ ಎರಡನೇ ಆವೃತ್ತಿಯಲ್ಲಿ ಅದನ್ನು ಸೇರಿಸಿದರು. ‘ಸರ್ವೈವಲ್ ಆಫ್ ದ ಫಿಟೆಸ್ಟ್’ ಎಂಬ ಮಾತು ಕಾಣಿಸುವುದು 1869ರ ಐದನೇ ಆವೃತ್ತಿಯಲ್ಲಿ. ‘ಎವಲ್ಯೂಷನ್’ ಎಂಬ ಪದ ಬರುವುದು 1872ರ ಆರನೆಯದರಲ್ಲಿ. ಎಲ್ಲರೂ ಡಾರ್ವಿನ್ ಬಾಯಿಗೆ ಹಾಕುವ ಎರಡು ಮಾತುಗಳೂ ಮೊದಲ ಪ್ರತಿಯಲ್ಲಿ ಇಲ್ಲ! ಇದನ್ನು ತಿಳಿದ ಮೇಲೆ ‘ಯಾವ ಮುದ್ರಣವಾದರೇನು’ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಡಾರ್ವಿನ್ ಪುಸ್ತಕದಿಂದ ಸಹಿಯ ಬಗ್ಗೆಯೂ ಒಂದು ಪಾಠ ಸಿಕ್ಕಿತು. ಅದರ ಕೆಲವು ಗೌರವ ಪ್ರತಿಗಳಲ್ಲಿ ‘ಲೇಖಕರಿಂದ’ ಎಂದು ಕೈಬರಹ ಇದೆ. ಅದು ಡಾರ್ವಿನ್ ಬರಹ ಅಲ್ಲ, ಪ್ರಕಾಶಕ ಜಾನ್ ಮರ್ರೆ ಅವರ ಕಚೇರಿಯ ಗುಮಾಸ್ತರದ್ದು. ಪುಸ್ತಕ ಅಸಲಿ, ಪ್ರಸಂಗ ಅಸಲಿ, ಬರಹವೂ ಆ ಕಾಲದ್ದೇ. ಆದರೂ ಅದು ಲೇಖಕರ ಕೈ ಅಲ್ಲ. ಹಳೇ ಪುಸ್ತಕದಲ್ಲಿ ಕೈಬರಹ ಕಂಡ ಕೂಡಲೇ ‘ಯಾರ ಕೈ ಇದು?’ ಎಂದು ಕೇಳಿಕೊಳ್ಳುವುದು ಅಂದಿನಿಂದ ನನಗೆ ಅಭ್ಯಾಸವಾಗಿದೆ.

ಶುರು ಮಾಡುವಾಗ ನಾನು ಒಂದು ಗಡಿ ಹಾಕಿಕೊಂಡೆ. 1960ರಿಂದ 2000ದ ನಡುವೆ ಬಂದ, ಸಾಮಾನ್ಯ ಓದುಗರಿಗಾಗಿ ವಿಜ್ಞಾನಿಗಳೇ ಬರೆದ ಪುಸ್ತಕಗಳು ಮಾತ್ರ. ವಿಷಯ ಎರಡೇ: ಆಕಾಶ ಮತ್ತು ಜೀವ. ಗಡಿ ಇಲ್ಲದಿದ್ದರೆ ದುಡ್ಡೂ ಹರಿದುಹೋಗುತ್ತದೆ, ತಿಳಿವಳಿಕೆಯೂ ಚೆದುರುತ್ತದೆ. ಸಣ್ಣ ವ್ಯಾಪ್ತಿಯಲ್ಲಿದ್ದರೆ ಪ್ರತಿ ಪುಸ್ತಕದ ಹುಟ್ಟು, ಜಾಕೆಟ್ (ರಟ್ಟಿನ ಮೇಲೆ ಸುತ್ತಿರುವ ಕಾಗದದ ಹೊದಿಕೆ), ಬೆನ್ನಿನ ಬಣ್ಣ, ಬೆಲೆ ಎಲ್ಲವೂ ತಾನಾಗಿ ನೆನಪಿನಲ್ಲಿ ಉಳಿಯುತ್ತವೆ. ಮಾರುವವರಿಗೇ ಗೊತ್ತಿಲ್ಲದ ಒಳ್ಳೆ ಪ್ರತಿ ಎದುರಿಗೆ ಬಂದಾಗ ಕೈಹಿಡಿಯುವುದು ಈ ನೆನಪೇ.

ಈಗ ಮುದ್ರಣದ ವಿಷಯಕ್ಕೆ ಬರುತ್ತೇನೆ. ಮಾರುವವರು ಬರೆಯುವ ‘ಮೊದಲ ಆವೃತ್ತಿ’ ಎಂಬ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಒಂದೇ ಆವೃತ್ತಿ ಇಪ್ಪತ್ತು ಸಲ ಅಚ್ಚಾಗಿರಬಹುದು. ನಮಗೆ ಬೇಕಾದದ್ದು ಮೊದಲ ಆವೃತ್ತಿಯ ಮೊದಲ ಮುದ್ರಣ. ಅದನ್ನು ಹೇಳುವುದು ಕಾಪಿರೈಟ್ ಪುಟ. ಅಲ್ಲಿ ಕೆಳಗೆ 10 9 8 7 6 5 4 3 2 1 ಎಂಬಂಥ ಅಂಕಿಗಳ ಸಾಲು ಇರುತ್ತದೆ. ಪ್ರತಿ ಮರುಮುದ್ರಣಕ್ಕೂ ಒಂದು ಅಂಕಿ ತೆಗೆಯುತ್ತಾರೆ. ಉಳಿದದ್ದರಲ್ಲಿ ಅತಿ ಚಿಕ್ಕ ಅಂಕಿಯೇ ಆ ಪ್ರತಿಯ ಮುದ್ರಣ. 1 ಇದ್ದರೆ ಮೊದಲನೆಯದು. ಸಾಲು 1ರಿಂದ ಶುರುವಾಗಲಿ, 10ರಿಂದ ಶುರುವಾಗಲಿ, ಬೆಸ ಒಂದು ಕಡೆ ಸಮ ಒಂದು ಕಡೆ ಇರಲಿ, ನೋಡಬೇಕಾದದ್ದು ಚಿಕ್ಕ ಅಂಕಿಯನ್ನೇ.

ಆದರೆ ಪ್ರಕಾಶಕರು ಎಲ್ಲರೂ ಒಂದೇ ಥರ ಅಲ್ಲ. ಸೇಗನ್ ಅವರ ‘ಕಾಸ್ಮಾಸ್’ ಅನ್ನು 1980ರಲ್ಲಿ ತಂದ ರ‍್ಯಾಂಡಮ್ ಹೌಸ್ ಆ ಕಾಲದಲ್ಲಿ ಬೇರೆಯದೇ ಪದ್ಧತಿ ಇಟ್ಟುಕೊಂಡಿತ್ತು. ಅವರ ಮೊದಲ ಮುದ್ರಣದಲ್ಲಿ ಅಂಕಿಗಳ ಸಾಲಿನಲ್ಲಿ 1 ಇರುವುದಿಲ್ಲ. ಚಿಕ್ಕ ಅಂಕಿ 2, ಜೊತೆಗೆ ‘ಫಸ್ಟ್ ಎಡಿಶನ್’ ಎಂಬ ಮಾತು. ಎರಡನೇ ಮುದ್ರಣಕ್ಕೆ ಆ ಮಾತನ್ನು ತೆಗೆದುಬಿಡುತ್ತಿದ್ದರು. ಇದು ಗೊತ್ತಿಲ್ಲದವರು ಅಸಲಿ ಮೊದಲ ಮುದ್ರಣವನ್ನು ಎರಡನೆಯದು ಎಂದು ಕೈಬಿಡುತ್ತಾರೆ. ಇನ್ನು ಕೆಲವು ಪ್ರಕಾಶಕರು ‘ಫಸ್ಟ್ ಎಡಿಶನ್’ ಎಂಬ ಮಾತನ್ನು ಹಾಗೇ ಬಿಟ್ಟು ಅಂಕಿ ಮಾತ್ರ ತೆಗೆಯುತ್ತಾ ಹೋಗುತ್ತಾರೆ. ಬ್ರಿಟನ್ನಿನ ಹಳೇ ಪುಸ್ತಕಗಳಲ್ಲಿ ಅಂಕಿಗಳೇ ಇರುವುದಿಲ್ಲ. ‘ಮೊದಲು ಪ್ರಕಟವಾದದ್ದು ಇಂಥ ವರ್ಷ’ ಎಂದಷ್ಟೇ ಇದ್ದು, ಕೆಳಗೆ ಮರುಮುದ್ರಣದ ವರ್ಷಗಳು ಇಲ್ಲದಿದ್ದರೆ ಅದು ಮೊದಲನೆಯದು ಎಂದು ತಿಳಿಯಬಹುದು. ನಾನು ಪ್ರತಿ ಪ್ರಕಾಶಕರಿಗೂ ಒಂದು ಹಾಳೆ ಇಟ್ಟು, ಯಾವ ದಶಕದಲ್ಲಿ ಯಾವ ಪದ್ಧತಿ ಇತ್ತು ಎಂದು ಬರೆದುಕೊಂಡೆ. ನನ್ನ ಎಲ್ಲ ಕೆಲಸದಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಈ ಹಾಳೆಗಳು.

ಯಾವ ದೇಶದ ಮುದ್ರಣ ಮೊದಲು ಎಂಬುದನ್ನೂ ನೋಡಬೇಕು. ನರರೋಗ ವೈದ್ಯ ಆಲಿವರ್ ಸ್ಯಾಕ್ಸ್ ಬಹುಕಾಲ ಬದುಕಿದ್ದು ನ್ಯೂಯಾರ್ಕಿನಲ್ಲಿ. ಆದರೂ ‘ದ ಮ್ಯಾನ್ ಹೂ ಮಿಸ್ಟುಕ್ ಹಿಸ್ ವೈಫ್ ಫಾರ್ ಎ ಹ್ಯಾಟ್’ ಮೊದಲು ಬಂದದ್ದು ಲಂಡನ್ನಿನ ಡಕ್‌ವರ್ಥ್ ಪ್ರಕಾಶನದಿಂದ, 1985ರಲ್ಲಿ.

ಪುಸ್ತಕ ಕ್ಲಬ್‌ಗಳ ಪ್ರತಿಗಳು ಇನ್ನೊಂದು ತೊಡಕು. ಅಮೆರಿಕದಲ್ಲಿ ಸದಸ್ಯರಿಗಾಗಿ ಬೇರೆಯಾಗಿ ಅಚ್ಚು ಹಾಕಿಸುವ ಕ್ಲಬ್‌ಗಳಿದ್ದವು. ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ 1962ರ ಸೆಪ್ಟೆಂಬರ್ 27ರಂದು ಬಂತು. ಅಕ್ಟೋಬರ್‌ನಲ್ಲಿ ಅದು ‘ಬುಕ್ ಆಫ್ ದ ಮಂತ್’ ಕ್ಲಬ್ಬಿನ ಆಯ್ಕೆ ಆಯಿತು. ಹಾಗಾಗಿ 1962ರ ಪ್ರತಿ ಎಂದು ಕಾಣುವ ಎಷ್ಟೋ ಪುಸ್ತಕಗಳು ಕ್ಲಬ್ಬಿನವು. ಗುರುತು ಹಿಡಿಯಲು ನಾನು ಎರಡು ಜಾಗ ನೋಡುತ್ತೇನೆ. ಜಾಕೆಟ್ಟಿನ ಒಳಮಡಿಕೆಯಲ್ಲಿ ಬೆಲೆ ಅಚ್ಚಾಗಿದೆಯೇ? ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ, ಬೆನ್ನಿನ ಹತ್ತಿರ, ಸಣ್ಣ ಚುಕ್ಕೆಯೋ ಚೌಕವೋ ಒತ್ತಿದ ಗುಳಿ ಇದೆಯೇ? ಬೆಲೆ ಇಲ್ಲದೆ ಗುಳಿ ಇದ್ದರೆ ಅದು ಕ್ಲಬ್ ಪ್ರತಿ. ಜಾಕೆಟ್ಟಿನ ಬೆಲೆಯ ಮೂಲೆ ಕತ್ತರಿಸಿದ್ದರೆ ಹಿಂದಿನ ರಟ್ಟನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಉಡುಗೊರೆ ಕೊಡುವಾಗ ಬೆಲೆ ಕತ್ತರಿಸುವ ರೂಢಿ ಇತ್ತು, ಆದ್ದರಿಂದ ಕತ್ತರಿಸಿದ್ದೆಲ್ಲ ಮೋಸ ಎಂದಲ್ಲ.

ಸಂಗ್ರಹಕಾರರಿಗೆ ಜಾಕೆಟ್ ಪುಸ್ತಕದ ಅರ್ಧ ಜೀವ. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ ‘ದ ಸೆಲ್ಫಿಶ್ ಜೀನ್’ 1976ರ ಆಕ್ಸ್‌ಫರ್ಡ್ ಮುದ್ರಣದ ಜಾಕೆಟ್ ಮೇಲೆ ಡೆಸ್ಮಂಡ್ ಮಾರಿಸ್ ಅವರ ವರ್ಣಚಿತ್ರ ಇದೆ. ಮಾರಿಸ್ ಪ್ರಾಣಿಶಾಸ್ತ್ರಜ್ಞರು, ಚಿತ್ರಕಾರರೂ ಹೌದು. ಆ ಚಿತ್ರ ಇಲ್ಲದ ಪ್ರತಿಯನ್ನು ಕೈಯಲ್ಲಿ ಹಿಡಿದರೆ ನನಗೆ ಆ ಪುಸ್ತಕ ಪೂರ್ತಿ ಇದೆ ಅನ್ನಿಸುವುದೇ ಇಲ್ಲ.

ಇಲ್ಲೂ ತಾರೀಖಿನ ಲೆಕ್ಕ ಕೆಲಸ ಮಾಡುತ್ತದೆ. ಮೊದಲ ಮುದ್ರಣದ ಪುಸ್ತಕಕ್ಕೆ ಹತ್ತನೇ ಮುದ್ರಣದ ಚೆಂದದ ಜಾಕೆಟ್ ತೊಡಿಸಿ ಮಾರುವುದು ಹಳೇ ಚಾಳಿ. ಸೇಗನ್ ಅವರ ‘ದ ಡ್ರ್ಯಾಗನ್ಸ್ ಆಫ್ ಈಡನ್’ 1977ರಲ್ಲಿ ಬಂತು, ಪುಲಿಟ್ಜರ್ ಪ್ರಶಸ್ತಿ ಪಡೆದದ್ದು 1978ರಲ್ಲಿ. ಡಗ್ಲಸ್ ಹಾಫ್‌ಸ್ಟಾಟರ್ ಅವರ ‘ಗೋಡೆಲ್, ಎಷರ್, ಬಾಖ್’ ಬಂದದ್ದು 1979ರಲ್ಲಿ, ಪುಲಿಟ್ಜರ್ ಬಂದದ್ದು 1980ರಲ್ಲಿ. ಜಾಕೆಟ್ ಮೇಲೆ ಆ ಪ್ರಶಸ್ತಿಯ ಹೆಸರಿದ್ದರೆ ಅದು ಮೊದಲ ಮುದ್ರಣದ ಜಾಕೆಟ್ ಅಲ್ಲ, ಒಳಗಿನ ಅಂಕಿ ಏನೇ ಹೇಳಲಿ. ಹಾಗೇ, ಅದೇ ಪುಸ್ತಕದ ಬಗ್ಗೆ ಪತ್ರಿಕೆಗಳಲ್ಲಿ ಬಂದ ವಿಮರ್ಶೆಯ ಸಾಲುಗಳು ಜಾಕೆಟ್ ಮೇಲೆ ಇದ್ದರೆ ನಾನು ನಿಂತು ಯೋಚಿಸುತ್ತೇನೆ. ಪುಸ್ತಕ ಬರುವ ಮೊದಲೇ ಅಷ್ಟೊಂದು ವಿಮರ್ಶೆ ಎಲ್ಲಿಂದ ಬರಬೇಕು, ಅಲ್ವಾ?

ಇನ್ನೂ ಹಳೇ ಜಾಕೆಟ್ ಆದರೆ ಸಣ್ಣ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಹಿಡಿಯುತ್ತೇನೆ. ಕಾಗದಕ್ಕೆ ಬಿಳುಪು ಕೊಡುವ, ಯುವಿ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರ ಹೊತ್ತಿಗೆ. 1930ರ ಜಾಕೆಟ್ ಎಂದು ಹೇಳಿದ್ದು ಕತ್ತಲಲ್ಲಿ ಝಗ್ಗೆಂದು ನೀಲಿ ಹೊಳೆದರೆ ಅದು ಹೊಸದಾಗಿ ಮಾಡಿದ ಪ್ರತಿ.

ಇಷ್ಟೆಲ್ಲ ಸರಿ ಇದ್ದರೆ ಆಮೇಲೆ ಸಹಿ. ಮೊದಲು ಪೆನ್ನು. ಬಾಲ್ ಪೆನ್ ಅಮೆರಿಕದ ಅಂಗಡಿಗೆ ಬಂದದ್ದು 1945ರಲ್ಲಿ. ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ತೀರಿಕೊಂಡದ್ದು 1944ರಲ್ಲಿ. ಅವರ ಪುಸ್ತಕದಲ್ಲಿ ಬಾಲ್ ಪೆನ್ ಸಹಿ ಕಂಡರೆ ಮುಂದೆ ನೋಡುವುದು ಏನೂ ಇಲ್ಲ. ಶಾರ್ಪಿ ಮಾರ್ಕರ್ ಬಂದದ್ದು 1964ರಲ್ಲಿ, ಕಾರ್ಸನ್ ಹೋದ ವರ್ಷವೇ. ದಪ್ಪ ಮಾರ್ಕರಿನಲ್ಲಿ ಬರೆದ ಕಾರ್ಸನ್ ಸಹಿಯನ್ನು ನಾನು ಮುಟ್ಟುವುದಿಲ್ಲ. ‘ಸೈಲೆಂಟ್ ಸ್ಪ್ರಿಂಗ್’ ಬಂದ ಮೇಲೆ ಅವರು ಬದುಕಿದ್ದು ಸುಮಾರು ಒಂದೂವರೆ ವರ್ಷ, ಅದೂ ಕ್ಯಾನ್ಸರಿನಿಂದ ನರಳುತ್ತಾ. ಆ ಪುಸ್ತಕದ ಮೇಲೆ ಅವರ ಸಹಿ ಸುಲಭವಾಗಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬುವುದು ಹೇಗೆ?

ಪೆನ್ನು ಸರಿ ಇದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಅಚ್ಚಾದ ಸಹಿ ಆದರೆ ಸಣ್ಣ ಚುಕ್ಕೆಗಳು ಕಾಣಬಹುದು, ಅಥವಾ ಶಾಯಿ ಎಲ್ಲ ಕಡೆ ಒಂದೇ ಸಮ ಚಪ್ಪಟೆಯಾಗಿರುತ್ತದೆ. ಕೈಯಿಂದ ಬರೆದದ್ದಾದರೆ ಗೆರೆ ಗೆರೆಯನ್ನು ದಾಟುವಲ್ಲಿ ಶಾಯಿ ದಟ್ಟವಾಗುತ್ತದೆ. ಬಾಲ್ ಪೆನ್ ಆದರೆ ಕಾಗದದಲ್ಲಿ ಸಣ್ಣ ಗುಂಡಿ ಬಿದ್ದಿರುತ್ತದೆ, ಓರೆಯಾಗಿ ಬೆಳಕು ಬಿಟ್ಟರೆ ಕಾಣುತ್ತದೆ. ನಕಲಿ ಸಹಿಯನ್ನು ಬಿಟ್ಟುಕೊಡುವುದು ವೇಗ. ತನ್ನ ಹೆಸರು ಬರೆಯುವವರು ಯೋಚಿಸುವುದಿಲ್ಲ. ಗೆರೆ ಸರ್‍ರನೆ ಶುರುವಾಗಿ ತೆಳ್ಳಗೆ ಮುಗಿಯುತ್ತದೆ. ನೋಡಿ ಬರೆಯುವವರ ಗೆರೆ ನಿಧಾನ. ಶುರುವಿನಲ್ಲೂ ಕೊನೆಯಲ್ಲೂ ಮೊಂಡು, ನಡುವೆ ಸಣ್ಣ ನಡುಕ, ಬೇಡದ ಕಡೆ ಪೆನ್ನು ಎತ್ತಿದ ಗುರುತು.

ಹೋಲಿಸಿ ನೋಡಲು ಮಾದರಿ ಬೇಕು. ಮಾರುವವರೇ ಕೊಟ್ಟ ಮಾದರಿ ಬೇಡ. ಸೇಗನ್ ಅವರ ಕಾಗದಪತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಫೈನ್‌ಮನ್ ಅವರದ್ದು ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿ, ಕಾರ್ಸನ್ ಅವರದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ. ಇಂಥ ಸಂಗ್ರಹಗಳಿಂದ ಪ್ರಕಟವಾದ ಪತ್ರಗಳ ಚಿತ್ರಗಳೇ ನನ್ನ ಅಳತೆಗೋಲು. ಒಂದು ಎಚ್ಚರ ಬೇಕು: ಪತ್ರದ ಕೊನೆಯ ಸಹಿಗೂ ಉದ್ದ ಸಾಲಿನಲ್ಲಿ ನಿಂತವರಿಗೆ ಹಾಕಿಕೊಟ್ಟ ಸಹಿಗೂ ವ್ಯತ್ಯಾಸ ಇರುತ್ತದೆ. ಎರಡನೆಯದು ಚುಟುಕು, ಅಕ್ಷರಗಳು ನುಂಗಿಹೋಗಿರುತ್ತವೆ. ವಯಸ್ಸಾದಂತೆಯೂ ಕೈ ಬದಲಾಗುತ್ತದೆ. ಹಾಗಾಗಿ ಅದೇ ಕಾಲದ, ಅದೇ ಥರದ ಮಾದರಿಯ ಜೊತೆ ಹೋಲಿಸುತ್ತೇನೆ.

ಆಟೋಪೆನ್ ಎಂಬ ಯಂತ್ರ ಬೇರೆ ಇದೆ. ಅದು ನಿಜವಾದ ಪೆನ್ನಿನಿಂದಲೇ ಸಹಿ ಹಾಕುತ್ತದೆ. ಅಪೋಲೋ ಕಾಲದ ಗಗನಯಾತ್ರಿಗಳ ಹೆಸರಿನಲ್ಲಿ ಆಟೋಪೆನ್ ಸಹಿಗಳು ಬೇಕಾದಷ್ಟಿವೆ, ಆದ್ದರಿಂದ ಬಾಹ್ಯಾಕಾಶದ ಪುಸ್ತಕ ಕೊಳ್ಳುವವರು ಇದನ್ನು ಕಲಿಯಲೇಬೇಕು. ಇದು ಹಳೇ ಕಾಲದ ಮಾತಲ್ಲ. 2022ರಲ್ಲಿ ಗಾಯಕ ಬಾಬ್ ಡಿಲನ್ ಅವರ ಪುಸ್ತಕದ ‘ಕೈಸಹಿ’ ಪ್ರತಿಗಳು ಯಂತ್ರದ ಸಹಿ ಎಂದು ಓದುಗರೇ ಹೋಲಿಸಿ ಕಂಡುಹಿಡಿದರು. ಪ್ರಕಾಶಕರು ಹಣ ವಾಪಸ್ ಕೊಟ್ಟರು. ಪತ್ತೆ ಮಾಡುವ ದಾರಿ ಸರಳ. ಯಾವ ಮನುಷ್ಯನೂ ಎರಡು ಸಲ ಒಂದೇ ಥರ ಸಹಿ ಹಾಕಲಾರ. ಎರಡು ಸಹಿಗಳ ಚಿತ್ರವನ್ನು ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಿದ್ದರೆ ಅದು ಯಂತ್ರ. ಒತ್ತಡವೂ ಎಲ್ಲ ಕಡೆ ಒಂದೇ ಸಮ ಇರುತ್ತದೆ.

ಬರೀ ಸಹಿಯೋ, ಹೆಸರು ಬರೆದು ಕೊಟ್ಟ ಸಹಿಯೋ ಎಂಬುದರಲ್ಲಿ ಸಂಗ್ರಹಕಾರರಲ್ಲೇ ಭಿನ್ನಾಭಿಪ್ರಾಯ ಇದೆ. ಮಾರುಕಟ್ಟೆಗೆ ಬರೀ ಸಹಿ ಇಷ್ಟ, ಯಾರಿಗೆ ಬೇಕಾದರೂ ಮಾರಬಹುದು. ನನಗೆ ಮಾತ್ರ ‘ಇಂಥವರಿಗೆ, ಪ್ರೀತಿಯಿಂದ’ ಎಂದು ಒಂದೆರಡು ಸಾಲು ಇರುವುದೇ ಇಷ್ಟ. ಕೈಬರಹ ಜಾಸ್ತಿ ಇದ್ದಷ್ಟೂ ಪರೀಕ್ಷೆ ಸುಲಭ. ಸಹಿಯೊಂದನ್ನೇ ಕಲಿತು ನಕಲು ಮಾಡಬಹುದು, ಇಡೀ ಎರಡು ಸಾಲು ಅದೇ ಕೈಯಲ್ಲಿ ಬರೆಯುವುದು ಕಷ್ಟ. ಆ ಹೆಸರು ಇನ್ನೊಬ್ಬ ವಿಜ್ಞಾನಿಯದ್ದೋ ಪುಸ್ತಕದೊಳಗೆ ಬರುವ ವ್ಯಕ್ತಿಯದ್ದೋ ಆದರಂತೂ ಅದರ ತೂಕವೇ ಬೇರೆ. ಡಿಎನ್‌ಎ ರಚನೆ ಕಂಡುಹಿಡಿದ ಕಥೆ ಹೇಳುವ ಜೇಮ್ಸ್ ವಾಟ್ಸನ್ ಅವರ ‘ದ ಡಬಲ್ ಹೀಲಿಕ್ಸ್’ ಪ್ರಕಟಣೆಗೆ, ಆ ಕೆಲಸದಲ್ಲಿ ಅವರ ಜೊತೆಗಾರರಾಗಿದ್ದ ಫ್ರಾನ್ಸಿಸ್ ಕ್ರಿಕ್ ಅವರೇ ವಿರೋಧ ಮಾಡಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೆಸ್ ಕೈಬಿಟ್ಟು, ಕೊನೆಗೆ 1968ರಲ್ಲಿ ಎಥೀನಿಯಮ್ ಸಂಸ್ಥೆ ಅದನ್ನು ತಂದಿತು. ಅಂಥ ಪುಸ್ತಕದ ಮೇಲೆ ಇಬ್ಬರ ಸಹಿಯೂ ಇದ್ದರೆ ಆ ಒಂದು ಪುಟದಲ್ಲೇ ಎಷ್ಟು ಇತಿಹಾಸ ಇದೆ ನೋಡಿ.

ಬದುಕಿರುವ ಲೇಖಕರ ಸಹಿ ಪಡೆಯುವುದು ನನಗೆ ಇಡೀ ಹವ್ಯಾಸದಲ್ಲಿ ಅತ್ಯಂತ ಖುಷಿಯ ಭಾಗ. ಉಪನ್ಯಾಸ ಮುಗಿದ ಮೇಲೆ ಮೊದಲ ಮುದ್ರಣದ ಪ್ರತಿಯನ್ನು ಟೈಟಲ್ ಪೇಜಿಗೆ ತೆರೆದು ಮುಂದಿಡುತ್ತೇನೆ. ಸಹಿಯ ಕೆಳಗೆ ತಾರೀಖು ಮತ್ತು ಊರು ಬರೆಯಲು ವಿನಂತಿಸುತ್ತೇನೆ. ಹಳೇ ಮೊದಲ ಮುದ್ರಣ ನೋಡಿದ ಕೂಡಲೇ ವಿಜ್ಞಾನಿಗಳ ಮುಖ ಅರಳುತ್ತದೆ. ಈ ಅಧ್ಯಾಯವನ್ನು ಈಗ ಬರೆದರೆ ಬೇರೆ ಥರ ಬರೆಯುತ್ತಿದ್ದೆ ಎಂದು ಒಬ್ಬರು ಸಾಲಿನಲ್ಲಿ ನಿಂತವರನ್ನೂ ಮರೆತು ನನಗೆ ಹೇಳಿದ್ದರು. ಪೆನ್ನು ನಾನೇ ಒಯ್ಯುತ್ತೇನೆ. ತೆಳ್ಳಗಿನ ಮೊನೆಯ, ನೀರಿಗೆ ಅಳಿಸದ, ಬಣ್ಣ ಮಾಸದ ಶಾಯಿಯದ್ದು. ಮಾರ್ಕರ್ ಬೇಡವೇ ಬೇಡ, ಹಿಂದಿನ ಪುಟಕ್ಕೆ ಇಳಿಯುತ್ತದೆ. ಸಹಿ ಆದ ಮೇಲೆ ಒಣಗುವ ತನಕ ಪುಸ್ತಕ ಮುಚ್ಚುವುದಿಲ್ಲ.

ಹೋಗಲು ಆಗದಿದ್ದಾಗ ಪತ್ರ ಬರೆಯುತ್ತೇನೆ. ಹೇಳದೆ ಕೇಳದೆ ಪುಸ್ತಕ ಕಳಿಸುವುದು ಅವರಿಗೆ ಹೊರೆ. ಮೊದಲು ಪುಸ್ತಕದಲ್ಲಿ ನನಗೆ ಹಿಡಿಸಿದ ಜಾಗದ ಬಗ್ಗೆ ಒಂದು ಪುಟ ಬರೆದು, ಒಪ್ಪಿದರೆ ವಾಪಸ್ ಅಂಚೆ ಖರ್ಚಿನ ಸಮೇತ ಕಳಿಸುತ್ತೇನೆ ಎನ್ನುತ್ತೇನೆ. ಕೆಲವರು ಸಹಿ ಮಾಡಿದ ಬುಕ್‌ಪ್ಲೇಟ್, ಅಂದರೆ ಅಂಟಿಸುವ ಚೀಟಿ, ಕಳಿಸುತ್ತಾರೆ. ನಾನು ಅದನ್ನು ಅಂಟಿಸದೆ ಅವರ ಉತ್ತರದ ಜೊತೆಗೇ ಇಡುತ್ತೇನೆ. ಪ್ರಕಾಶಕರು ಮಾರುವ ‘ಸಹಿ ಪ್ರತಿ’ಗಳಲ್ಲಿ ಸಾಮಾನ್ಯವಾಗಿ ಲೇಖಕರು ಬಿಡಿ ಹಾಳೆಗಳಿಗೆ ಮೊದಲೇ ಸಹಿ ಹಾಕಿ ಕೊಟ್ಟು, ಆಮೇಲೆ ಅದನ್ನು ಪುಸ್ತಕಕ್ಕೆ ಸೇರಿಸಿರುತ್ತಾರೆ. ಸಹಿ ನಿಜವೇ. ಆದರೂ ಟೈಟಲ್ ಪೇಜಿನ ಮೇಲಿನ ಸಹಿಯೇ ನನಗೆ ಹೆಚ್ಚು.

ವ್ಯಾಪಾರಿಗಳ ಹತ್ತಿರ ಕೊಳ್ಳುವಾಗ ಕೇಳುವುದು ಇಷ್ಟು: ಕಾಪಿರೈಟ್ ಪುಟ, ಜಾಕೆಟ್ಟಿನ ಎರಡೂ ಒಳಮಡಿಕೆ, ಹಿಂದಿನ ರಟ್ಟು, ಓರೆ ಬೆಳಕಿನಲ್ಲಿ ಸಹಿ, ಇವುಗಳ ಫೋಟೋ. ಜೊತೆಗೆ ಈ ಪ್ರತಿ ನಿಮಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ. ಒಳ್ಳೆ ವ್ಯಾಪಾರಿಗಳು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಬದಲಿಗೆ ಇನ್ನೂ ಎರಡು ವಿಷಯ ತಾವೇ ಹೇಳುತ್ತಾರೆ. ಸಹಿ ಅಸಲಿ ಎನ್ನುವ ಸರ್ಟಿಫಿಕೇಟ್ ಕಾಗದಕ್ಕಿಂತ ಅದನ್ನು ಕೊಟ್ಟವರು ಯಾರು ಎಂಬುದು ಮುಖ್ಯ. ಹಳೇ ಪುಸ್ತಕ ವ್ಯಾಪಾರಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಲ್ಯಾಬ್‌ನ ಸದಸ್ಯರಾದರೆ ಒಂದು ನೀತಿ ಸಂಹಿತೆಗೆ ಬದ್ಧರಾಗಿರುತ್ತಾರೆ. ಸಹಿ ಸುಳ್ಳು ಎಂದು ಮುಂದೆ ಗೊತ್ತಾದರೆ ಹಣ ವಾಪಸ್ ಎಂದು ಬರಹದಲ್ಲಿ ಕೊಡದವರ ಹತ್ತಿರ ನಾನು ದುಬಾರಿ ಪುಸ್ತಕ ಕೊಳ್ಳುವುದಿಲ್ಲ.

ಜನಪ್ರಿಯ ವಿಜ್ಞಾನ ಪುಸ್ತಕಗಳ ಒಳ್ಳೆ ಪ್ರತಿ ಸಿಗದಿರಲು ಒಂದು ಕಾರಣ, ಅವುಗಳನ್ನು ಜನ ನಿಜವಾಗಿ ಓದಿದ್ದಾರೆ. ಅಡಿಗೆರೆ, ಅಂಚಿನಲ್ಲಿ ಲೆಕ್ಕ, ಗ್ರಂಥಾಲಯದ ಠಸ್ಸೆ. ಗ್ರಂಥಾಲಯದಿಂದ ಹೊರಬಿದ್ದ ಪ್ರತಿಗಳನ್ನು ಬೇರೆ ಸಂಗ್ರಹಕಾರರು ದೂರ ಇಡುತ್ತಾರೆ. ಸಹಿ ಖಚಿತವಾಗಿದ್ದರೆ ನಾನ್ಯಾಕೋ ಅವನ್ನೂ ಬಿಡುವುದಿಲ್ಲ.

ಕಾಪಾಡುವುದಕ್ಕೆ ದೊಡ್ಡ ವಿದ್ಯೆ ಬೇಡ. ಜಾಕೆಟ್ಟಿಗೆ ಪಾರದರ್ಶಕ ಪಾಲಿಯೆಸ್ಟರ್ ಹೊದಿಕೆ, ಅಂಟು ತಾಗದ ಹಾಗೆ. ಬಿಸಿಲು ಬೀಳದ ಕಪಾಟು, ಯಾಕೆಂದರೆ ಮೊದಲು ಮಾಸುವುದು ಬೆನ್ನು. ಗಾಳಿಯ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರುವ ಹಾಗೆ ನೋಡಿಕೊಳ್ಳುತ್ತೇನೆ. 65 ದಾಟಿದರೆ ಬೂಸ್ಟಿನ ಭಯ. ಪುಸ್ತಕದೊಳಗೆ ಪತ್ರಿಕೆಯ ತುಣುಕು ಇಡಬೇಡಿ. ಆ ಕಾಗದದ ಆಮ್ಲ ಎದುರು ಪುಟಕ್ಕೆ ಕಂದು ನೆರಳು ಬಿಡುತ್ತದೆ. ಲೇಖಕರ ಪತ್ರ, ಉಪನ್ಯಾಸದ ಟಿಕೆಟ್, ರಸೀದಿ, ಸಹಿ ಹಾಕುವಾಗ ತೆಗೆದ ಫೋಟೋ, ಎಲ್ಲವನ್ನೂ ಆಮ್ಲ ಇಲ್ಲದ ಬೇರೆ ಲಕೋಟೆಯಲ್ಲಿ ಪುಸ್ತಕದ ಹೆಸರು ಬರೆದು ಇಡುತ್ತೇನೆ. ಮುಂದೆ ಈ ಪುಸ್ತಕ ಇನ್ನೊಬ್ಬರ ಕೈಗೆ ಹೋದಾಗ ಅವರು ಕೇಳುವ ಪ್ರಶ್ನೆಗೆ ಉತ್ತರ ಆ ಲಕೋಟೆಯಲ್ಲಿರುತ್ತದೆ. ಇಡೀ ಪಟ್ಟಿಯ ಒಂದು ಪ್ರತಿ ಮನೆಯವರ ಹತ್ತಿರವೂ ಇದೆ.

ಓದಲು ನಾನು ಬೇರೆ ಪ್ರತಿ ಇಟ್ಟುಕೊಂಡಿದ್ದೇನೆ, ಕೊನೆಯ ಪರಿಷ್ಕೃತ ಆವೃತ್ತಿಯ ಸಾದಾ ಪೇಪರ್‌ಬ್ಯಾಕ್. ಎರಡನ್ನೂ ಮೇಜಿನ ಮೇಲೆ ತೆರೆದಿಟ್ಟು, ಬದಲಾದ ಸಾಲಿನ ಪಕ್ಕ ಪೇಪರ್‌ಬ್ಯಾಕಿನಲ್ಲಿ ಪೆನ್ಸಿಲ್ ಗುರುತು ಹಾಕುತ್ತಾ ಹೋಗುತ್ತೇನೆ. ಈಗ ನಡೆಯುತ್ತಿರುವುದು ‘ದ ಸೆಲ್ಫಿಶ್ ಜೀನ್’. 1989ರ ಆವೃತ್ತಿಗೆ ಡಾಕಿನ್ಸ್ ಎರಡು ಹೊಸ ಅಧ್ಯಾಯ ಸೇರಿಸಿದರು. 1976ರ ಪಠ್ಯವನ್ನು ಬಹುತೇಕ ಹಾಗೇ ಬಿಟ್ಟು ಕೊನೆಯಲ್ಲಿ ಉದ್ದುದ್ದ ಟಿಪ್ಪಣಿ ಬರೆದರು. ಎಲ್ಲಿ ಮಾತು ಹಿಂದಕ್ಕೆ ತೆಗೆದುಕೊಂಡರು, ಎಲ್ಲಿ ಇನ್ನೂ ಗಟ್ಟಿಯಾಗಿ ನಿಂತರು ಎಂದು ಅಲ್ಲಿ ಗೊತ್ತಾಗುತ್ತದೆ. ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ ಬರೆದ ಮೊದಲ ಮುನ್ನುಡಿಯನ್ನು 1989ರಲ್ಲಿ ಕೈಬಿಟ್ಟು, 2006ರ ಆವೃತ್ತಿಯಲ್ಲಿ ಮತ್ತೆ ಸೇರಿಸಿದ್ದಾರೆ. ಅದನ್ನು ಗುರುತು ಹಾಕಿ ಮುಗಿಸಿದ್ದೇನೆ. ಮುಂದೆ ಮೊದಲ ಅಧ್ಯಾಯದ ಟಿಪ್ಪಣಿಗಳು.